ಕಣ್ಣು ಮೂಡಲು ಎರಡು ಬೀಗದ ಕೈ

ಬ್ಯಾಂಕಿನ ಲಾಕರ್ ತೆರೆಯಲು ಎರಡು ಬೀಗದ ಕೈ ಬೇಕು. ಒಂದು ಗ್ರಾಹಕರದು, ಇನ್ನೊಂದು ಬ್ಯಾಂಕಿನದು. ಒಂದೇ ಇದ್ದರೆ ಬಾಗಿಲು ಅಲುಗದು. ಭ್ರೂಣದಲ್ಲಿ ಕಣ್ಣಿನ ಮಸೂರ ರೂಪುಗೊಳ್ಳುವುದೂ ಹೆಚ್ಚುಕಡಿಮೆ ಇಂಥದೇ ಏರ್ಪಾಡಿನಿಂದ!

ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿ.ಎನ್.ಎ. ಹಾಗಿದ್ದರೆ ಬೆನ್ನಿನ ಮೇಲೆ ಕಣ್ಣೇಕೆ ಮೂಡುವುದಿಲ್ಲ? ವಂಶವಾಹಿ, ಅಂದರೆ ಜೀನ್, ಕೋಶದಲ್ಲಿ ಇದ್ದರಷ್ಟೇ ಸಾಲದು. ಅದು ಕೆಲಸಕ್ಕೆ ತೊಡಗಬೇಕು. ತೊಡಗಿಸುವ ಅಥವಾ ತಡೆಯುವ ಹೊಣೆ ಡಿ.ಎನ್.ಎ.ಗೆ ಅಂಟಿಕೊಳ್ಳುವ ಕೆಲವು ಪ್ರೋಟೀನುಗಳದು. ಇವೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು. ಮನುಷ್ಯನಲ್ಲಿ ಇಂಥವು ಸುಮಾರು 1,600 ಇವೆ.

ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ ಎರಡನೆಯ ದಿನವೇ ಕಣ್ಣಿನ ಕೆಲಸ ಆರಂಭ. ಭ್ರೂಣದ ತಲೆಯ ಹೊರಪದರದಲ್ಲಿ ಪ್ಯಾಕ್ಸ್-6 ಎಂಬ ಪ್ರೋಟೀನು ಮೊದಲೇ ಸಿದ್ಧವಾಗಿರುತ್ತದೆ. ಆದರೆ ಮಸೂರ ಇನ್ನೂ ಇಲ್ಲ. ಮಿದುಳಿನಿಂದ ಗುಳ್ಳೆಯೊಂದು ಹೊರಚಾಚಿ ಆ ಪದರವನ್ನು ಮುಟ್ಟುತ್ತದೆ. ಮುಟ್ಟಿದೆಡೆ ಸಾಕ್ಸ್-2 ಎಂಬ ಎರಡನೆಯ ಪ್ರೋಟೀನು ಹೆಚ್ಚುತ್ತದೆ. ಎರಡೂ ಡಿ.ಎನ್.ಎ.ಯ ಮೇಲೆ ಅಕ್ಕಪಕ್ಕ ಕೂತು ಒಂದನ್ನೊಂದು ಭದ್ರಪಡಿಸುತ್ತವೆ. ಆಗಲೇ ಮಸೂರದ ಪಾರದರ್ಶಕ ಪ್ರೋಟೀನಾದ ಕ್ರಿಸ್ಟಲಿನ್ ತಯಾರಾಗತೊಡಗುತ್ತದೆ.

ಈ ಜೋಡಿಯ ಗುಟ್ಟನ್ನು 2001ರಲ್ಲಿ ಬಿಡಿಸಿಟ್ಟವರು ಜಪಾನಿನ ಹಿಸಾತೊ ಕೊಂಡೊ ಮತ್ತು ಸಂಗಡಿಗರು. ಕೋಳಿಭ್ರೂಣದ ತಲೆಯ ಬೇರೆಡೆ ಎರಡನ್ನೂ ಒಟ್ಟಿಗೆ ಒದಗಿಸಿದಾಗ ಅಲ್ಲಿಯೂ ಕ್ರಿಸ್ಟಲಿನ್ ಕಾಣಿಸಿತು!

ಇದರಲ್ಲಿ ಪ್ರಕೃತಿಯ ಮಿತವ್ಯಯವೂ ಇದೆ. ಇದೇ ಸಾಕ್ಸ್-2 ಬೇರೆ ಜೊತೆಗಾರರೊಡನೆ ಸೇರಿ ಮಿದುಳಿನ ಬೆಳವಣಿಗೆಗೆ ನೆರವಾಗುತ್ತದೆ. ಪ್ಯಾಕ್ಸ್-6 ಮೇದೋಜೀರಕ ಗ್ರಂಥಿಯಲ್ಲೂ ದುಡಿಯುತ್ತದೆ. ಕೆಲವೇ ಅಕ್ಷರಗಳಿಂದ ಸಾವಿರಾರು ಪದಗಳಾಗುವಂತೆ, ಕೆಲವೇ ಪ್ರೋಟೀನುಗಳ ಬಗೆಬಗೆಯ ಕೂಟದಿಂದ ನಾನಾ ಅಂಗಗಳು.

ಬಹುತೇಕ ಜೀನುಗಳಿಗೆ ಎರಡು ಪ್ರತಿ, ತಾಯಿಯಿಂದೊಂದು, ತಂದೆಯಿಂದೊಂದು. ಪ್ಯಾಕ್ಸ್-6ರ ಒಂದು ಪ್ರತಿ ಕೆಟ್ಟರೂ ಮಗುವಿನ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಸರಿಯಾಗಿ ಬೆಳೆಯದು. ಸಾಕ್ಸ್-2ರ ಒಂದು ಪ್ರತಿ ಕೆಟ್ಟರೆ ಕಣ್ಣು ತೀರ ಚಿಕ್ಕದಾಗಬಹುದು, ಮೂಡದೆಯೂ ಇರಬಹುದು. ಸಾಕ್ಸ್-2ರ ದೋಷ ಬಹಳ ಸಲ ತಂದೆತಾಯಿ ಇಬ್ಬರಲ್ಲೂ ಇರುವುದಿಲ್ಲ. ಮಗುವಿನಲ್ಲೇ ಹೊಸದಾಗಿ ತಲೆದೋರುತ್ತದೆ.

ಇಂಥ ಮಗು ಹುಟ್ಟಿದಾಗ 'ಗ್ರಹಣದ ದಿನ ಬಸುರಿ ಹೊರಗೆ ಬಂದಳು' ಎಂದು ತಾಯಿಯನ್ನು ದೂರುವವರು ಈಗಲೂ ಇದ್ದಾರೆ. ಸೂರ್ಯನಿಗಾಗಲಿ ಚಂದ್ರನಿಗಾಗಲಿ ಹಿಡಿದ ಗ್ರಹಣ ಈ ಜೀನುಗಳನ್ನು ಕೆಡಿಸುವುದಿಲ್ಲ. ಮಗುವನ್ನು ಬೇಗ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮುಂದಿನ ಮಗುವಿನ ಬಗ್ಗೆ ಆತಂಕವಿದ್ದರೆ ಜೀನ್ ಪರೀಕ್ಷೆಯೂ ಇದೆ. ಆ ತಾಯಿಗೆ ಬೇಕಾದದ್ದು ನೆರವು, ನಿಂದೆಯಲ್ಲ.