ಶಾಲೆ ಆರಿಸುವಾಗ ಗಲ್ಫ್ ಸಂಬಳವನ್ನೇ ಅಳತೆಗೋಲು ಮಾಡಬೇಡಿ

ನವೆಂಬರ್ ಕಳೆಯುತ್ತಾ ಬಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: "ಎಡ್ಮಿಶನ್ ಆಯ್ತಾ?" ಉಪ್ಪ ದಮಾಮಿನಲ್ಲೋ ದುಬೈಯಲ್ಲೋ ಇರುತ್ತಾರೆ. ಉಮ್ಮ ಇಲ್ಲಿ ಫಾರ್ಮ್ ಹಿಡಿದು ಶಾಲೆಯಿಂದ ಶಾಲೆಗೆ ಓಡಾಡುತ್ತಾರೆ. ರಾತ್ರಿ ವಾಟ್ಸ್ಯಾಪ್ ಕರೆಯಲ್ಲಿ ತೀರ್ಮಾನ ಆಗುತ್ತದೆ. "ಫೀಸ್ ಎಷ್ಟಾದರೂ ಪರವಾಗಿಲ್ಲ, ನಾನು ಇಲ್ಲಿ ಕಷ್ಟಪಡುವುದು ಯಾರಿಗಾಗಿ?" ಎಂದು ಅಲ್ಲಿಂದ ಮಾತು ಬರುತ್ತದೆ. ಆ ಮಾತಿನ ಹಿಂದೆ ಇರುವ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಆದರೆ ಶಾಲೆಯನ್ನು ಆರಿಸುವ ಕ್ರಮ ಅದಲ್ಲ.

ನಾವು ಮದ್ರಸ ಅಧ್ಯಾಪಕರು ಬೆಳಗ್ಗೆ ಮಕ್ಕಳನ್ನು ನೋಡುವವರು. ಯಾವ ಮಗು ಯಾವ ಶಾಲೆಯ ಯೂನಿಫಾರ್ಮ್‌ನಲ್ಲಿ ಬರುತ್ತದೆ, ಯಾವ ವರ್ಷ ಆ ಯೂನಿಫಾರ್ಮ್ ಬದಲಾಗುತ್ತದೆ ಎಂಬುದು ನಮ್ಮ ಕಣ್ಣಿಗೆ ಬೀಳುತ್ತದೆ. ಐದನೆಯ ತರಗತಿವರೆಗೆ ದೊಡ್ಡ ಶಾಲೆಯ ಟೈ ಕಟ್ಟಿಕೊಂಡು ಬರುತ್ತಿದ್ದ ಹುಡುಗ ಆರನೆಯದಕ್ಕೆ ಬೇರೆ ಶಾಲೆ, ಏಳನೆಯದಕ್ಕೆ ಮತ್ತೊಂದು ಶಾಲೆ. ಕೇಳಿದರೆ ತಲೆ ತಗ್ಗಿಸುತ್ತಾನೆ. ಉಪ್ಪನ ಕಂಪೆನಿ ಮುಚ್ಚಿತು, ಫೀಸ್ ಬಾಕಿಯಾಯಿತು, ಟಿಸಿ ಸಿಗಲಿಲ್ಲ ಅಂತ ಆಮೇಲೆ ಉಮ್ಮ ಹೇಳುತ್ತಾರೆ. ದೊಡ್ಡವರ ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ಗೆಳೆಯರು, ಟೀಚರ್, ಬೆಂಚು ಎಲ್ಲವನ್ನೂ ಎರಡೆರಡು ಸಲ ಬಿಟ್ಟು ಬಂದ ಮಗು ಓದಿನ ಮೇಲಿನ ಆಸೆಯನ್ನೇ ಬಿಡುತ್ತದೆ.

ಗಲ್ಫ್ ನೌಕರಿ ಹೇಗೆ ಅಲುಗಾಡುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಸೌದಿಯಲ್ಲಿ 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷ ವರ್ಷ ಏರಿ 2020ಕ್ಕೆ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳು ಇದ್ದರೆ ವರ್ಷಕ್ಕೆ 14,400 ರಿಯಾಲ್. ಎಷ್ಟು ಕುಟುಂಬಗಳು ಆಗ ಸಾಮಾನು ಕಟ್ಟಿಕೊಂಡು ಊರಿಗೆ ಬಂದವು ಎಂಬುದು ಉಳ್ಳಾಲದಿಂದ ಉಪ್ಪಿನಂಗಡಿವರೆಗೆ ಎಲ್ಲರಿಗೂ ಗೊತ್ತುಂಟು. ಅದರ ಬೆನ್ನಿಗೇ ಕೊರೋನಾ ಬಂತು. ಅಲ್ಲಿನ ಸ್ವದೇಶೀಕರಣ ಇನ್ನೂ ನಡೆಯುತ್ತಲೇ ಇದೆ. ಹೀಗಿರುವಾಗ ಈ ತಿಂಗಳ ಸಂಬಳ ನೋಡಿ ಹತ್ತು ವರ್ಷದ ಶಾಲೆಯನ್ನು ನಿಶ್ಚಯ ಮಾಡುವುದು ಎಷ್ಟು ಸರಿ?

ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಶಾಲೆಗೆ ಎರಡು ಲಕ್ಷಣ ಬೇಕು. ವೀಸಾ ಮುಗಿದರೂ ಮಗು ಅಲ್ಲೇ ಓದು ಮುಂದುವರಿಸುವಂತಿರಬೇಕು. ಉಮ್ಮ ಹೆದರದೆ ಒಳಗೆ ಹೋಗಿ ಟೀಚರ್ ಹತ್ತಿರ ಮಾತನಾಡುವಂತಿರಬೇಕು. ಕಟ್ಟಡ, ಬಸ್ಸು, ಸ್ಮಾರ್ಟ್ ಕ್ಲಾಸ್ ಎಲ್ಲ ಆಮೇಲಿನದು.

ಮೊದಲನೆಯದಕ್ಕೆ ಲೆಕ್ಕ ಹಾಕಬೇಕು. ಫೀಸ್ ಎಂದರೆ ಟ್ಯೂಶನ್ ಫೀಸ್ ಮಾತ್ರ ಅಲ್ಲ. ಬಸ್ಸು, ಪುಸ್ತಕ, ಯೂನಿಫಾರ್ಮ್, ವಾರ್ಷಿಕೋತ್ಸವ, ಪ್ರತಿ ವರ್ಷದ ಏರಿಕೆ ಎಲ್ಲ ಸೇರಿಸಿ. ಒಂದು ವರ್ಷದ ಒಟ್ಟು ಖರ್ಚು ಊರಿನ ಬ್ಯಾಂಕಿನಲ್ಲಿ ಬೇರೆಯೇ ಇಡಲು ಸಾಧ್ಯವಾದರೆ ಆ ಶಾಲೆ ನಿಮ್ಮ ಕೈಗೆ ಎಟಕುತ್ತದೆ. ಸಾಧ್ಯವಿಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿನ ಶಾಲೆ ನೋಡಿ. ಮನೆಯ ಎರಡನೇ ಮಹಡಿಗೆ ಸ್ಲ್ಯಾಬ್ ಹಾಕುವುದನ್ನು ಒಂದು ವರ್ಷ ಮುಂದೆ ಹಾಕಬಹುದು, ಮಗುವಿನ ಆರನೆಯ ತರಗತಿಯನ್ನು ಮುಂದೆ ಹಾಕಲಿಕ್ಕೆ ಆಗುವುದಿಲ್ಲ.

ಗಲ್ಫ್‌ನವರು ಅಂತ ಗೊತ್ತಾದ ಕೂಡಲೇ ರಸೀದಿ ಇಲ್ಲದ ಹಣ ಕೇಳುವ ಕಡೆಗಳೂ ಉಂಟು. ಶಿಕ್ಷಣ ಹಕ್ಕು ಕಾಯ್ದೆ 2009 ಡೊನೇಶನನ್ನೂ, ಮಗುವಿಗೋ ಹೆತ್ತವರಿಗೋ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವುದನ್ನೂ ನಿಷೇಧಿಸಿದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆದರೆ ಕ್ಯಾಪಿಟೇಶನ್ ಫೀಸನ್ನು ತಡೆಯುವ ಕರ್ನಾಟಕದ 1984ರ ಕಾಯ್ದೆ ಬೇರೆಯೇ ಇದೆ. ಎಲ್ಲಿಯೇ ಆಗಲಿ ಫೀಸಿನ ವಿವರ ಬರೆದು ಕೊಡಿ ಎಂದು ಕೇಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಅಷ್ಟು ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಆಫೀಸು ನಾಳೆ ಫೀಸ್ ಬಾಕಿಯಾದಾಗ ಹೇಗೆ ನಡೆದುಕೊಂಡೀತು ಎಂಬುದನ್ನು ನೀವೇ ಊಹಿಸಿ.

ಎರಡನೆಯ ಲಕ್ಷಣದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಶಾಲೆ ಆರಿಸುವವರು ಅಲ್ಲಿರುವ ಉಪ್ಪ. ಮೀಟಿಂಗಿಗೆ ಹೋಗುವವರು, ಜ್ವರ ಬಂದಾಗ ಓಡುವವರು, ಹೋಮ್‌ವರ್ಕಿಗೆ ಕೂರುವವರು ಇಲ್ಲಿರುವ ಉಮ್ಮ. ನಮ್ಮ ಎಷ್ಟೋ ತಾಯಂದಿರು ಎಸೆಸೆಲ್ಸಿ, ಪಿಯುಸಿ ಓದಿದವರು. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಕೌಂಟರಿನಲ್ಲಿ ಇಂಗ್ಲಿಷ್‌ನಲ್ಲಿ ಎರಡು ಮಾತು ಕೇಳಿದರೆ ಅರ್ಧ ವಿಷಯ ಹೇಳದೆ ವಾಪಸ್ ಬರುತ್ತಾರೆ. ಮಗುವಿಗೆ ಕಣ್ಣು ಸರಿ ಕಾಣುವುದಿಲ್ಲ, ಬಸ್ಸಿನಲ್ಲಿ ಯಾರೋ ಹೊಡೆಯುತ್ತಾರೆ ಎಂಬುದು ಶಾಲೆಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಎಡ್ಮಿಶನಿಗೆ ಮೊದಲು ಉಮ್ಮ ಒಮ್ಮೆ ಆ ಶಾಲೆಗೆ ಹೋಗಿ ಬರಲಿ. ಕನ್ನಡದಲ್ಲಿ ಮಾತನಾಡಿದರೆ ಮರ್ಯಾದೆಯಿಂದ ಉತ್ತರ ಸಿಗುತ್ತದಾ ಎಂದು ನೋಡಲಿ. ಅವರು ಬೇಡ ಎಂದರೆ ಉಪ್ಪ ಆ ಮಾತನ್ನು ಕೇಳಬೇಕು.

ದೂರವೂ ಮುಖ್ಯ. ಆರೂವರೆಗೆ ಬಸ್ಸು ಬರುವ ಶಾಲೆಗೆ ಸೇರಿಸಿದರೆ ಬೆಳಗ್ಗಿನ ಮದ್ರಸ ಹೋಯಿತು, ನಿದ್ದೆ ಹೋಯಿತು, ಸಂಜೆಯ ಆಟವೂ ಹೋಯಿತು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕೂರುವ ಆರು ವರ್ಷದ ಮಗು ಮನೆಗೆ ಬಂದು ಓದುವುದೆಲ್ಲಿಂದ ಮಾರಾಯ್ರೇ?

ಕುಟುಂಬ ಸಮೇತ ಅಲ್ಲೇ ಇರುವವರಿಗೆ ಕೆಲವು ಮಾತು. ಅಲ್ಲಿಯೂ ಹೆಸರು ನೋಡಿ ಮರುಳಾಗಬೇಡಿ. ದುಬೈಯಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಕೆಎಚ್‌ಡಿಎ ಶಾಲೆಗಳ ತಪಾಸಣಾ ವರದಿಗಳನ್ನು ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸಿದೆ. ಅದನ್ನು ಓದಿ. ಸೌದಿಯಲ್ಲಿ ಜಿದ್ದಾ, ರಿಯಾದ್, ದಮಾಮ್, ಜುಬೈಲ್‌ಗಳಲ್ಲಿ ಭಾರತೀಯ ರಾಯಭಾರ ಕಚೇರಿಯ ಆಶ್ರಯದ ಶಾಲೆಗಳಿವೆ. ಸಿಬಿಎಸ್‌ಇ ಪಠ್ಯ ಇರುವುದರಿಂದ ಊರಿಗೆ ಬಂದರೂ ಪಾಠ ಮುಂದುವರಿಯುತ್ತದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗೆ ನೇರವಾಗಿ ಸೇರುವುದಕ್ಕೆ ಸಿಬಿಎಸ್‌ಇಯಲ್ಲಿ ಬಿಗಿ ನಿಯಮಗಳಿವೆ. ವಾಪಸ್ ಬರುವ ಯೋಚನೆ ಇದ್ದರೆ ಮಗು ಒಂಬತ್ತನೆಯ ತರಗತಿಗೆ ಕಾಲಿಡುವ ಮೊದಲೇ ಬನ್ನಿ.

ಕಾಗದಪತ್ರ ಅಲ್ಲಿಂದಲೇ ಸರಿಮಾಡಿಕೊಳ್ಳಿ. ಅಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಟಿಸಿಗೆ ಬೇಕಾದ ದೃಢೀಕರಣವನ್ನು ವಿಮಾನ ಹತ್ತುವ ಮೊದಲೇ ಮಾಡಿಸಿ. ಊರಿಗೆ ಬಂದ ಮೇಲೆ ಒಂದು ಸೀಲಿಗಾಗಿ ಎಷ್ಟು ಜನರ ಕೈಕಾಲು ಹಿಡಿಯಬೇಕಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಟಿಸಿ ತಡವಾಯಿತು ಎಂದು ಎಂಟನೆಯ ತರಗತಿವರೆಗೆ ಸರಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹೊರಗಿಡುವಂತಿಲ್ಲ, ಕಾನೂನಿನಲ್ಲೇ ಹಾಗಿದೆ. ಇದನ್ನು ಧೈರ್ಯವಾಗಿ ಕೇಳಿ.

ಇನ್ನೊಂದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆ. ಗಲ್ಫ್‌ನ ಇಂಡಿಯನ್ ಶಾಲೆಗಳಲ್ಲಿ ಹಿಂದಿ, ಮಲಯಾಳಂ ಸಿಗುತ್ತದೆ, ಕನ್ನಡ ಸಿಗುವುದು ಅಪರೂಪ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಅರಬಿ. ಇಷ್ಟು ಕಲಿತ ಮಗು ಹನ್ನೆರಡನೇ ವಯಸ್ಸಿನಲ್ಲಿ ಊರಿಗೆ ಬಂದು ಚಿಕ್ಕ ಮಕ್ಕಳ ಹಾಗೆ ಅ ಆ ಇ ಈ ಬರೆಯುವಾಗ ಪಡುವ ನಾಚಿಕೆ ನಾವು ನೋಡಿದ್ದೇವೆ. ದುಬೈಯಲ್ಲಿ ಕನ್ನಡಿಗರು ರಜಾ ದಿನಗಳಲ್ಲಿ ಉಚಿತ ಕನ್ನಡ ಪಾಠ ನಡೆಸುತ್ತಿದ್ದಾರೆ. ಹತ್ತಿರದಲ್ಲಿರುವವರು ಕಳಿಸಿ. ಅದಿಲ್ಲದಿದ್ದರೆ ಉಮ್ಮನೇ ದಿನಕ್ಕೆ ಅರ್ಧ ಗಂಟೆ ಕಲಿಸಬಹುದು.

ಕೊನೆಯದಾಗಿ ಜಮಾಅತ್ ಕಮಿಟಿಗಳಿಗೆ ಒಂದು ವಿನಂತಿ. ಪ್ರತಿ ವರ್ಷ ನವೆಂಬರಿನ ಒಂದು ಭಾನುವಾರ ಮದ್ರಸದ ಹಾಲಿನಲ್ಲಿ ಮೇಜು ಹಾಕಿ. ಊರಿನ ನಿವೃತ್ತ ಟೀಚರ್‌ಗಳು, ಡಿಗ್ರಿ ಓದುವ ನಮ್ಮ ಹೆಣ್ಣುಮಕ್ಕಳು ಬಂದು ಕೂರಲಿ. ಸುತ್ತಮುತ್ತಲಿನ ಶಾಲೆಗಳ ಫೀಸು, ಬಸ್ಸಿನ ಸಮಯ, ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಲಿ. ಗಂಡ ಹತ್ತಿರ ಇಲ್ಲದ ತಾಯಂದಿರಿಗೆ ಫಾರ್ಮ್ ತುಂಬಿಸಿಕೊಡಲಿ, ಬೇಕಾದರೆ ಶಾಲೆಯವರೆಗೆ ಜೊತೆಗೆ ಹೋಗಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಈ ವರ್ಷದ ಎಡ್ಮಿಶನ್ ಮುಗಿಯುವ ಮೊದಲು ಹತ್ತು ಜಮಾಅತ್‌ಗಳಾದರೂ ಶುರು ಮಾಡಿದರೆ ಎಷ್ಟೋ ಮಕ್ಕಳ ಓದು ಅರ್ಧಕ್ಕೆ ನಿಲ್ಲುವುದು ತಪ್ಪೀತು.