ಕೋಡಿಯ ಕಲ್ಲಿಗೊಂದು ಗೆರೆ

ಕೊಳ್ಳೇಗಾಲದ ಸೀಮೆಗೆ ನೆರೆಯು ಎರಡು ದಾರಿಗಳಿಂದ, ಎರಡು ಕಾಲಗಳಲ್ಲಿ ಬರುತ್ತದೆ. ಪುಷ್ಯ, ಆಶ್ಲೇಷ ಮಳೆಗಳ ದಿನಗಳಲ್ಲಿ ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ವರ್ಷಧಾರೆ ಸುರಿದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕಾವೇರಿಯು ಉಬ್ಬಿ ದಾಸನಪುರ, ಮುಳ್ಳೂರು, ಹರಳೆ, ಹಳೇ ಹಂಪಾಪುರಗಳ ಹೊಲಗದ್ದೆಗಳನ್ನು ಆವರಿಸುವುದುಂಟು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಆದುದು ಇದೇ, ಶಿವನಸಮುದ್ರದ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದುದೂ ಆ 2018ರ ನೆರೆಯಲ್ಲಿಯೇ. ಈ ನೀರಿಗೆ ಮುನ್ಸೂಚನೆಯಾದರೂ ಉಂಟು. ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಇಷ್ಟು ಕ್ಯುಸೆಕ್ ನೀರನ್ನು ಬಿಡಲಾಗಿದೆಯೆಂದು ಅಧಿಕಾರಿಗಳು ಸಾರುತ್ತಾರೆ. ಕಾವೇರಿಯ ಹರಿವನ್ನು ಅಳೆಯುವ ಕೇಂದ್ರ ಜಲ ಆಯೋಗದ ಕೇಂದ್ರವೊಂದು ಕೊಳ್ಳೇಗಾಲದ ಹೆಸರಿನಲ್ಲಿಯೇ ಇದೆ.

ಎರಡನೆಯ ನೆರೆಗೆ ಇಂಥ ಯಾವ ರಾಜಮರ್ಯಾದೆಯೂ ಇಲ್ಲ. ಹಸ್ತ, ಚಿತ್ತೆ ಮಳೆಗಳು ಮಲೆಮಹದೇಶ್ವರ ಬೆಟ್ಟದ ಸಾಲಿನ ಮೇಲೆಯೋ ಬಿಳಿಗಿರಿರಂಗನ ಬೆಟ್ಟದ ಮೇಲೆಯೋ ಇರುಳಿನಲ್ಲಿ ಗುಡುಗಿ ಸುರಿದರೆ, ಹಗಲಿನಲ್ಲಿ ದನಕರುಗಳು ಮರಳಿನ ಮೇಲೆ ನಡೆದು ದಾಟಿದ್ದ ಹನೂರಿನ ಕಡೆಯ ಹಳ್ಳಗಳು ಬೆಳಗಿನೊಳಗೆ ದಡ ಮೀರುತ್ತವೆ. ಗುಂಡಾಲ್, ಉಡುತೊರೆಹಳ್ಳಗಳಿಗೆ ಜಲಾಶಯಗಳುಂಟು, ಅಲ್ಲಿ ಮಟ್ಟವನ್ನು ಬರೆದಿಡುವವರುಂಟು. ಆ ಜಲಾಶಯಗಳನ್ನು ಸೇರದೆ ನೇರವಾಗಿ ಊರಕೆರೆಗೆ ಬಂದು ಬೀಳುವ ಸಣ್ಣ ತೊರೆಗಳನ್ನು ನೋಡುವವರು ಮಾತ್ರ ಅವುಗಳ ಪಕ್ಕದಲ್ಲಿ ಮನೆ ಮಾಡಿಕೊಂಡವರೇ. ಕೆರೆಗಳು ಒಂದರ ಕೆಳಗೊಂದಾಗಿ ಹೆಣೆದುಕೊಂಡಿರುವ ನಮ್ಮ ಸೀಮೆಯಲ್ಲಿ ಮೇಲಣ ಕೆರೆಯ ಕೋಡಿಯ ನೀರೇ ಕೆಳಗಣ ಕೆರೆಯ ಒಳಹರಿವಾದುದರಿಂದ, ಮೇಲಣ ಏರಿ ಒಡೆದರೆ ಕೆಳಗಣ ಏರಿಗೆ ಉಳಿಗಾಲವಿಲ್ಲ. ಈ ಸಂಗತಿಯನ್ನು ಮೊದಲು ಅರಿಯುವವನು ಮೇಲಣ ಕೆರೆಯ ಪಕ್ಕದ ಮನೆಯವನು. ಅವನು ಕೆಳಗಣ ಊರಿಗೆ ಹೇಳಬೇಕೆಂಬ ಏರ್ಪಾಡು ಇಂದು ಎಲ್ಲಿಯೂ ಲಿಖಿತವಾಗಿಲ್ಲ.

ಹಿಂದೆ ಕಾವಲಿನ ಏರ್ಪಾಡಾದರೂ ಇತ್ತು. ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ತೂಬನ್ನೂ ಏರಿಯನ್ನೂ ನೋಡಿಕೊಳ್ಳುವ ನೀರಗಂಟಿಯಿದ್ದನು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಕಡೆ ಮದರಾಸಿನ ಶಾಸನ ನಡೆಯುತ್ತಿತ್ತು. 1858ರ ಆ ಕಾನೂನು, ಕೆರೆಯೇರಿ ಒಡೆಯುವ ಭಯವುಂಟಾದಾಗ ದುಡಿಯುವ ವರ್ಗದ ದೃಢಕಾಯರನ್ನು ಬಲವಂತದಿಂದ ಕರೆತರುವ ಅಧಿಕಾರವನ್ನು ಕೊಟ್ಟಿತ್ತು. ಗದ್ದೆಯುಳ್ಳವನು ಮನೆಯಲ್ಲಿ, ಗದ್ದೆಯಿಲ್ಲದವನು ಏರಿಯ ಮೇಲೆ! ಅಂಥ ಕಾನೂನು ಅಳಿದುದಕ್ಕೆ ಕಣ್ಣೀರು ಹಾಕಬೇಕಾಗಿಲ್ಲ. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು 1961ರ ಕಾಯಿದೆಯು ತೆಗೆದುಹಾಕಿದುದೂ ನ್ಯಾಯವೇ. ಆದರೆ ಹುದ್ದೆಯೊಡನೆ ಕಾವಲೂ ಹೋಯಿತು, ಆ ಕಾವಲನ್ನು ಊರಿನ ಸಮಸ್ತರೂ ಹಂಚಿಕೊಳ್ಳುವ ಹೊಸ ಕ್ರಮವು ಹುಟ್ಟಲಿಲ್ಲ.

2022ರ ಮಳೆಗಾಲದಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ ಹರಿದು ಯಳಂದೂರು ತಾಲ್ಲೂಕಿನ ಅಗರ, ಮಾಂಬಳ್ಳಿ ಮೊದಲಾದ ಊರುಗಳ ಸುತ್ತ ನೀರು ನಿಂತುದನ್ನು ಕಂಡವರಿಗೆ, ಜಲಾಶಯದ ಲೆಕ್ಕವೊಂದೇ ಸಾಲದೆಂಬುದು ತಿಳಿದಿದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಎಂದು ಶಾಲೆಯಲ್ಲಿ ಓದಿದವರಿಗೂ, ಅದು ತಮ್ಮ ಹಿತ್ತಿಲಿನ ಯಾವ ಮೆಟ್ಟಿಲಿಗೆ ಬರುವುದೆಂದು ಹೇಳಲಾಗದು. ಮಳೆಯ ಲೆಕ್ಕಕ್ಕಾದರೋ ಕೊರತೆಯಿಲ್ಲ; ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ಇವೆ. ಬಿದ್ದ ಮಳೆ ಅಳತೆಗೆ ಸಿಕ್ಕಿತು, ಏರಿದ ನೀರು ಸಿಕ್ಕಲಿಲ್ಲ. ಕೆರೆ ಕೋಡಿ ಬಿದ್ದೊಡನೆ ತರುಣರು ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸ್ಆ್ಯಪಿನಲ್ಲಿ ಹರಿಯಬಿಡುತ್ತಾರೆ, ಮುಖಂಡರು ಬಾಗಿನ ಬಿಡುತ್ತಾರೆ. ಕೋಡಿಯ ಮೇಲೆ ಎಷ್ಟು ಅಂಗುಲ ನೀರಿದೆಯೆಂಬುದು ಮಾತ್ರ ಆ ಚಿತ್ರದಲ್ಲಿಯೂ ಇಲ್ಲ, ಆ ಬಾಗಿನದಲ್ಲಿಯೂ ಇಲ್ಲ.

ನೆರೆಹೊರೆಯವರ ಅಳತೆಯನ್ನು ಹಗುರವಾಗಿ ಕಾಣುವವರು ಕಬಿನಿಯ ತವರಾದ ವಯನಾಡಿನ ಕಡೆ ನೋಡಬೇಕು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆಯು ಊರವರ ನೆರವಿನಿಂದ ಜಿಲ್ಲೆಯುದ್ದಕ್ಕೂ ಮಳೆಮಾಪಕಗಳ ಜಾಲವನ್ನು ಹೆಣೆದಿದ್ದು, 2024ರ ಜುಲೈ 30ರ ಭೂಕುಸಿತಕ್ಕೆ ಮುನ್ನಾದಿನವೇ ಆ ಅಳತೆಗಳ ಆಧಾರದ ಮೇಲೆ ಜಿಲ್ಲಾಡಳಿತವನ್ನು ಎಚ್ಚರಿಸಿತ್ತು. ಅಳೆಯುವುದರಷ್ಟೇ ಮುಖ್ಯವಾದುದು, ಅಳೆದವರ ಮಾತನ್ನು ಕೇಳಿಕೊಳ್ಳಲು ಬದ್ಧನಾದ ಒಬ್ಬ ಅಧಿಕಾರಿ.

ಆದುದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪಂಚಾಯಿತಿಗಳನ್ನು ಕೇಳಬೇಕಾದುದು ಅಲ್ಪವೇ: ಪ್ರತಿ ಕೆರೆಯ ಕೋಡಿಯ ಕಲ್ಲಿಗೂ ಪ್ರತಿ ಹಳ್ಳದ ಸೇತುವೆಯ ಕಂಬಕ್ಕೂ ಅಡಿ-ಅಂಗುಲಗಳ ಗೆರೆಯನ್ನು ಬಣ್ಣದಲ್ಲಿ ಬರೆಯಿಸಲಿ, ಸಮೀಪದ ಎರಡು ಮನೆಯವರನ್ನು ಅವರ ಒಪ್ಪಿಗೆಯಿಂದ ಗೊತ್ತುಮಾಡಿ, ಸಣ್ಣದೊಂದು ಗೌರವಧನವನ್ನೂ ಒಂದು ಒಳ್ಳೆಯ ಟಾರ್ಚನ್ನೂ ಕೊಡಲಿ, ಇಂಥ ಗೆರೆಯನ್ನು ನೀರು ಮುಟ್ಟಿದರೆ ಕೆಳಗಣ ಊರಿನ ಇಂಥವರಿಗೂ ತಾಲ್ಲೂಕು ಕಚೇರಿಗೂ ಫೋನು ಮಾಡತಕ್ಕದ್ದೆಂದು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಕತ್ತಲಲ್ಲಿ ಹಳ್ಳಕ್ಕಿಳಿಯದೆ ದಡದಿಂದಲೇ ಕಾಣುವಷ್ಟು ದಪ್ಪನಾಗಿರಲಿ ಆ ಗೆರೆಗಳು. ತಪ್ಪು ಎಚ್ಚರಿಕೆ ಬಂದೀತೆಂದು ಆಕ್ಷೇಪಿಸುವವರಿದ್ದಾರೆ. ಬರಲಿ, ಒಂದು ರಾತ್ರಿಯ ನಿದ್ರೆ ಕೆಟ್ಟೀತು. ಕೆರೆಯಲ್ಲಿ ನೀರು ತಗ್ಗಿರುವ ಚೈತ್ರ-ವೈಶಾಖಗಳಲ್ಲಿಯೇ ಗೆರೆ ಬರೆಯುವ ಈ ಕೆಲಸ ಮುಗಿಯಬೇಕು, ಏಕೆಂದರೆ ಹಸ್ತದ ಮಳೆ ಹಿಡಿದ ಮೇಲೆ ಕಲ್ಲಿಗೆ ಬಣ್ಣ ಅಂಟುವುದಿಲ್ಲ.