ಮನೆಯ ಹಿರಿಯರ ಮಾಂಸಕ್ಷಯ

ಬೆಟಗೇರಿಯಲ್ಲಿ ಬದುಕೆಲ್ಲ ಮಗ್ಗ ತುಳಿದವರನ್ನೂ, ಮುಂಡರಗಿಯ ಎರೆಹೊಲದಲ್ಲಿ ದುಡಿದವರನ್ನೂ ಎಪ್ಪತ್ತು ತುಂಬುತ್ತಲೆ ಮಕ್ಕಳು “ಅಪ್ಪಾ, ಇನ್ನ ನೀವು ಸುಮ್ಮ ಕೂಡ್ರಿ” ಎಂದು ಮಂಚಕ್ಕೆ ಕಟ್ಟಿಹಾಕುವದುಂಟು. ಪ್ರೀತಿಯೇ ಸರಿ, ಆದರೆ ತೊಡೆಗಳು ಬೇಗ ಸೊರಗುವದು ಆಗಲೇ.

ಮಾಂಸಕ್ಷಯದಲ್ಲಿ ನಿತಂಬ, ಕೊರಳು, ಹೊಟ್ಟೆಗಳು ವಿಶೇಷವಾಗಿ ಒಣಗುವವೆಂದು ಚರಕಸಂಹಿತೆಯು ಹೇಳಿದೆ. ಮುಪ್ಪಿನ ಈ ಕ್ಷಯಕ್ಕೆ ಪಾಶ್ಚಾತ್ಯರು 1989ರಲ್ಲಿ ಸಾರ್ಕೊಪೀನಿಯವೆಂದು ಹೆಸರಿಟ್ಟರು. ಗ್ರೀಕ ಭಾಷೆಯಲ್ಲಿ ಮಾಂಸದ ಬಡತನ. ಹೆಸರು ಚೆನ್ನಾಗಿದೆ. ಆದರೆ ವಯಸ್ಸೊಂದೇ ಇದಕ್ಕೆ ಕಾರಣವಲ್ಲ. ಮಧುಮೇಹ, ಹೊಟ್ಟೆಯ ಕೊಬ್ಬು, ಕೀವುಗೊಂಡ ಒಸಡು ಮುಂತಾದವುಗಳಿಂದ ಮೈಯೊಳಗೆ ಬೂದಿ ಮುಚ್ಚಿದ ಕೆಂಡದಂಥ ಉರಿಯೂತವು ವರ್ಷಗಟ್ಟಲೆ ನಿಲ್ಲುವದು. ಆಗ ರಕ್ತದಲ್ಲಿ ಸದಾ ಹೆಚ್ಚಾಗಿರುವ ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳು ಸ್ನಾಯುವಿನ ಪ್ರೋಟೀನನ್ನು ಕರಗಿಸಿ, ಹೊಸದನ್ನು ಕಟ್ಟಗೊಡವು. ಸ್ನಾಯು ದುಡಿಯದಿದ್ದರೆ ಕೊಬ್ಬು ಬೆಳೆಯುವದು. ಕೊಬ್ಬಿನಿಂದ ಮತ್ತೆ ಉರಿಯೂತ.

ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂಡ್ರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಏಷ್ಯದ ತಜ್ಞರ 2019ರ ಸೂಚನೆಯಂತೆ, ಸಂಶಯಪಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಪರೀಕ್ಷಿಸುವಾಗ ಒಬ್ಬರು ಬದಿಯಲ್ಲಿ ನಿಲ್ಲಲಿ. ಹೀಗೆ ಎದ್ದು ಕೂಡ್ರುವದೇ ನಿತ್ಯದ ಸಾಧನೆಯೂ ಆಗಬಹುದು. ಮುದುಕರಿಗೆ ಬರಿಯ ಗಂಜಿ ಸಾಕೆಂಬ ಪಥ್ಯವು ನನಗೆ ಒಪ್ಪಿಗೆಯಿಲ್ಲ. ರೊಟ್ಟಿಯೊಡನೆ ಹೆಸರುಕಾಳಿನ ಪಲ್ಯ, ಮೊಸರು ಬೇಕು. ಮೂತ್ರಪಿಂಡದ ರೋಗವಿದ್ದವರು ಮಾತ್ರ ಕಾಳಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು.